ಸಭಾಂಗಣ ಸಿಕ್ಕರೆ ಸಮ್ಮೇಳನ ಆಯಿತೆ?

(ವಿಶ್ವವಿದ್ಯಾನಿಲಯದ ಆವರಣದಲ್ಲಿ ಸಮ್ಮೇಳನ ನಡೆಸುವ ಬಗ್ಗೆ ಪೂರ್ವಸಿದ್ಧತಾ ಸಭೆಯಲ್ಲಿ ಕಾರ್ಯಕರ್ತರ ಮುಂದೆ ಆಡಿದ ಮಾತು)



ಯೂನಿವರ್ಸಿಟಿಯವರು ಸಭಾಂಗಣ ಕೊಡ್ತೀವಿ ಅಂದಿದ್ದಾರೆ ಅಂತ ನಮ್ಮ ಹುಡುಗರಿಗೆ ಖುಷಿಯಾಗಿದೆ. ಆಗಬೇಕಾದ್ದೇ. ನಮ್ಮ ತಾತ ಮುತ್ತಾತಂದಿರು ಅಕ್ಷರ ಕಾಣದೆ ಸತ್ತರು. ಅವರ ಮೊಮ್ಮಕ್ಕಳು ವಿದ್ಯೆಯ ಅಂಗಳದಲ್ಲೇ ನಿಂತು ಮೈಕ್ ಹಿಡಿದು ಮಾತಾಡೋದು ಸಣ್ಣ ಸಂಗತಿಯಲ್ಲ. ಆದರೆ ಸಭಾಂಗಣ ಸಿಕ್ಕಿತು, ಸಮ್ಮೇಳನ ಗೆದ್ದಿತು ಅಂತ ಯಾರೂ ತಿಳೀಬೇಡಿ. ಕುರ್ಚಿ ತುಂಬಿದರೆ ಗೆಲುವಲ್ಲ. ಪತ್ರಿಕೇಲಿ ಫೋಟೋ ಬಂದರೆ ಗೆಲುವಲ್ಲ. ಕೇರಿಯಿಂದ ಹೊರಟ ಒಬ್ಬ ಕೂಲಿ ಹೆಂಗಸು ಅಲ್ಲಿಗೆ ಬಂದು, ಕೂತು, ನೀರು ಕುಡಿದು, ಉಂಡು, ತನ್ನ ಮಾತನ್ನೂ ಆಡಿ, ಕತ್ತಲಾಗೋದರೊಳಗೆ ಮನೆ ಸೇರಿಕೊಂಡರೆ ಅದು ಗೆಲುವು. ನಮ್ಮ ತಯಾರಿಯೆಲ್ಲ ಈ ಒಂದು ಲೆಕ್ಕದ ಮೇಲೆ ನಡೀಬೇಕು.

ಇದೇನು ಹೊಸ ಪಾಠ ಅಲ್ಲ. ಬಾಬಾಸಾಹೇಬರು ನಡೆಸಿದ ಸಭೆಗಳನ್ನೇ ನೋಡಿ. ಮಹಾಡದ ಪುರಸಭೆ 1924ರಲ್ಲೇ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಠರಾವು ಮಾಡಿತ್ತು. ತೆರೆದದ್ದು ಕಾಗದದ ಮೇಲೆ. 1927ರ ಮಾರ್ಚ್ 19 ಮತ್ತು 20ರಂದು ಅಲ್ಲಿ ಸಮ್ಮೇಳನ ಸೇರಿದಾಗ, ತುಂಬಿದ ಕೆರೆಯ ಪಕ್ಕದಲ್ಲೇ ನಮ್ಮವರು 40 ರೂಪಾಯಿ ಕೊಟ್ಟು ಕುಡಿಯುವ ನೀರು ಕೊಳ್ಳಬೇಕಾಯಿತು. ಆ ಕಾಲದ 40 ರೂಪಾಯಿ! ಮಾರನೇ ದಿನ ಎಲ್ಲರೂ ಕೆರೆಗೆ ನಡೆದುಹೋಗಿ ನೀರು ಮುಟ್ಟಿದ್ದು ಚರಿತ್ರೆ. ಆದರೆ ಅದಕ್ಕೆ ಮುಂಚೆ ಯಾರೋ ಕಾರ್ಯಕರ್ತರು ನೀರಿನ ಲೆಕ್ಕ ಹಾಕಿ, ಹಣ ಹೊಂದಿಸಿ, ಬಂದವರ ಬಾಯಿ ಒಣಗದ ಹಾಗೆ ನೋಡಿಕೊಂಡಿದ್ದರು. ಅದೂ ಚರಿತ್ರೆಯೇ.

ಯೂನಿವರ್ಸಿಟಿಯೂ ಕಾಗದದ ಮೇಲೆ ಎಲ್ಲರದು. ಆದರೆ ಭಾನುವಾರ ಅಲ್ಲಿ ಕ್ಯಾಂಟೀನ್ ಮುಚ್ಚಿರುತ್ತೆ, ಪಂಪು ಹಾಕೋರು ರಜೆ ಮೇಲಿರ್ತಾರೆ, ಹೆಂಗಸರ ಪಾಯಿಖಾನೆಗೆ ಬೀಗ. ಆದ್ದರಿಂದ ಮೊದಲು ಸಭಾಂಗಣದ ಅಂದ ನೋಡಬೇಡಿ, ನಲ್ಲಿ ತಿರುಗಿಸಿ ನೋಡಿ. ಬೀಗದ ಕೈ ಯಾರ ಹತ್ತಿರ ಇದೆ ಕೇಳಿ. ಜಗುಲಿ ಹತ್ತಲಾರದ ಮುದುಕರಿಗೆ, ಕಾಲಿಲ್ಲದವರಿಗೆ ದಾರಿ ಇದೆಯಾ ನೋಡಿ. ಮಾನಸಗಂಗೋತ್ರಿ, ಜ್ಞಾನಭಾರತಿಯಂಥ ಆವರಣಗಳು ನೂರಾರು ಎಕರೆ. ಗೇಟಿನಿಂದ ಸಭಾಂಗಣಕ್ಕೆ ಹೋಗೋದೇ ಒಂದು ಪ್ರಯಾಣ. ಹಳ್ಳಿಯಿಂದ ಬಂದವರನ್ನು ಗೇಟಿನಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದರೆ ಅರ್ಧ ಜನ ಅಲ್ಲಿಂದಲೇ ವಾಪಸು. ಪ್ರತಿ ಗೇಟಿನಲ್ಲೂ ಅನುಮತಿ ಪತ್ರದ ಪ್ರತಿ ಹಿಡಿದು ನಮ್ಮ ಇಬ್ಬರು ಬೆಳಿಗ್ಗೆಯಿಂದ ನಿಂತಿರಬೇಕು.

ಅನುಮತಿ ಅಂದೆ. ಬಾಯಿಮಾತು ಅನುಮತಿಯಲ್ಲ. ಅರ್ಜಿ ಕುಲಸಚಿವರ ಹೆಸರಿಗೆ ಹೋಗಲಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಮೈಕು, ಕರೆಂಟು, ಅಡಿಗೆಗೆ ಜಾಗ, ಬಸ್ಸು ನಿಲ್ಲಿಸಲು ಜಾಗ, ಠೇವಣಿ ಎಷ್ಟು, ಯಾವಾಗ ವಾಪಸು, ಎಲ್ಲವೂ ಬರಹದಲ್ಲಿ ಬರಲಿ. ಸಹಿ ಇರಲಿ, ಸೀಲು ಇರಲಿ. ಪೊಲೀಸ್ ಠಾಣೆಗೆ ಕೊಟ್ಟ ಪತ್ರಕ್ಕೂ ಸ್ವೀಕೃತಿ ಪಡೀರಿ. ಪರೀಕ್ಷೆ ದಿನಗಳಲ್ಲಿ ಸಮ್ಮೇಳನ ಇಡಬೇಡಿ. ಆಗ ನಮ್ಮ ಹಾಸ್ಟೆಲ್ ಹುಡುಗರು ಬರೋಕಾಗಲ್ಲ, ಬೇಡ ಅನ್ನೋರಿಗೆ ಒಂದು ನೆಪವೂ ಸಿಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಹಿಂದಿನ ದಿನ ಬಾಗಿಲು ಮುಚ್ಚಬಹುದು. ಅದಕ್ಕೂ ಮಹಾಡ್ ದಾರಿ ತೋರಿಸಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನಕ್ಕೆ ಪೆಂಡಾಲು ಹಾಕಲು ಸವರ್ಣೀಯರು ಯಾರೂ ಜಾಗ ಕೊಡಲಿಲ್ಲ. ಫತ್ತೇಖಾನ್ ಎಂಬ ಮುಸ್ಲಿಂ ಬಂಧು ತನ್ನ ಜಮೀನು ಬಿಟ್ಟುಕೊಟ್ಟರು. ದಿನಸಿಯನ್ನು ಹೊರಗಿನಿಂದ ತರಿಸಬೇಕಾಯಿತು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು ಆ ನೆಲದ ಮೇಲೆ. ಹಾಗಾಗಿ ಎರಡನೇ ಜಾಗ ಈಗಲೇ ಗೊತ್ತು ಮಾಡಿರಿ. ಕೇರಿಯ ಶಾಲೆ ಅಂಗಳವಾದರೂ ಸರಿ. ಸಭಾಂಗಣ ತಪ್ಪಿದರೆ ಸಮ್ಮೇಳನ ತಪ್ಪಬಾರದು.

ಇನ್ನು ವೇದಿಕೆ. ಜಾಗ ಕೊಟ್ಟವರು ವೇದಿಕೆಯನ್ನೂ ನಾವೇ ನಡೆಸ್ತೀವಿ ಅಂತಾರೆ. ಯಾರು ಮಾತಾಡಬೇಕು, ಏನು ಮಾತಾಡಬಾರದು ಅಂತ ಪಟ್ಟಿ ತರ್ತಾರೆ. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನೇ ಅಧ್ಯಕ್ಷತೆಗೆ ಕರೆದರು. ಭಾಷಣ ಓದಿ ಬೆದರಿದರು, ಕೆಲವು ಭಾಗ ತೆಗೀರಿ ಅಂದರು. ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಬಾಬಾಸಾಹೇಬರು ಕೈ ಕಟ್ಟಿ ಕೂರಲಿಲ್ಲ. ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಆಡದ ಆ ಭಾಷಣವೇ ಜಾತಿ ವಿನಾಶ. ಯಾವ ವಿಭಾಗ ನಮ್ಮ ಜೊತೆ ಸೇರಿದರೂ ಸಂತೋಷ. ಆದರೆ ಭಾಷಣಕಾರರು, ವಿಷಯ, ನಿರ್ಣಯ ಈ ಮೂರೂ ನಮ್ಮವು ಅಂತ ಮೊದಲೇ ಬರೆದು ಒಪ್ಪಿಸಿಕೊಳ್ಳಿ.

ಮಾತು ಕತ್ತರಿಸೋ ಇನ್ನೊಂದು ದಾರಿಯೂ ಇದೆ. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಅಂದ ಮಾತು ನಿಮಗೆ ಗೊತ್ತು. ಆ ಒಂದು ಪದ ಊರೂರು ಹಬ್ಬಿತು, ಅವರ ವಾದ ಯಾರ ಕಿವಿಗೂ ಬೀಳಲಿಲ್ಲ. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಏಟು ತಿಂದವರು ಹಾಸ್ಟೆಲಿನಲ್ಲಿದ್ದ ನಮ್ಮ ಹುಡುಗರು. ಇವತ್ತು ಎಲ್ಲರ ಕೈಯಲ್ಲೂ ಫೋನಿದೆ, ಮಾತಿನ ತುಣುಕು ಕತ್ತರಿಸಿ ಹರಿಬಿಡೋಕೆ ನಿಮಿಷ ಸಾಕು. ಆದ್ದರಿಂದ ಪ್ರತಿ ಭಾಷಣವನ್ನೂ ನಾವೇ ಪೂರ್ತಿ ದಾಖಲಿಸಬೇಕು. ನಿರ್ಣಯಗಳು ಅವತ್ತೇ ಸಂಜೆ ಅಚ್ಚಾಗಿ ಪತ್ರಿಕೆಯವರಿಗೂ ಹಳ್ಳಿಯವರಿಗೂ ಸಿಗಬೇಕು.

ಬೂಸಾ ಪ್ರಕರಣ ಇನ್ನೊಂದನ್ನೂ ಹೇಳುತ್ತೆ. ವಂದನಾರ್ಪಣೆಗೆ ಸಮ್ಮೇಳನ ಮುಗಿಯಲ್ಲ. ಮಹಾಡದಲ್ಲೂ ಹೊಡೆತ ಬಿದ್ದದ್ದು ಕೆರೆಯ ಹತ್ತಿರ ಅಲ್ಲ. ಸಭೆ ಮುಗಿದು ಊಟ ಮಾಡ್ತಾ, ಊರಿಗೆ ಹೊರಡ್ತಾ ಇದ್ದವರ ಮೇಲೆ. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ಐವರು ದಲಿತ ವಿದ್ಯಾರ್ಥಿಗಳು ಆವರಣದಲ್ಲೇ ಗುಡಾರ ಹಾಕಿ ಮಲಗಿದ್ದರು. 17ನೇ ತಾರೀಖು ರೋಹಿತ್ ವೇಮುಲ ತೀರಿಕೊಂಡ. ನಾವು ಒಂದು ದಿನ ಬಂದು ಘೋಷಣೆ ಕೂಗಿ ಹೋಗ್ತೀವಿ. ಅಲ್ಲೇ ಓದೋ ಮಕ್ಕಳು ಮಾರನೇ ದಿನವೂ ಅಲ್ಲೇ ಇರಬೇಕು. ಅವರ ಹೆಸರನ್ನು ಅರ್ಜಿಯಲ್ಲಿ ಮುಂದೆ ಹಾಕಬೇಡಿ, ಸಂಘದ ಹಿರಿಯರು ಸಹಿ ಹಾಕಲಿ. ಸಮ್ಮೇಳನ ಆದ ಒಂದು ವಾರ ದಿನಾ ಒಬ್ಬರು ಹಾಸ್ಟೆಲಿಗೆ ಹೋಗಿ ವಿಚಾರಿಸಿಕೊಂಡು ಬರಲಿ.

ವೇಳೆಯನ್ನು ಕೊನೇ ಬಸ್ಸಿನಿಂದ ಹಿಂದಕ್ಕೆ ಎಣಿಸಿ. ಗಣ್ಯರ ಸ್ವಾಗತ, ಹಾರ, ಶಾಲು ಅಂತ ಮಧ್ಯಾಹ್ನ ಕಳೆದು, ಕೇರಿಯವರು ಮಾತಾಡೋ ಹೊತ್ತಿಗೆ ಬಸ್ಸು ಹೊರಡುತ್ತೆ ಅಂದರೆ ಅದು ಯಾರ ಸಮ್ಮೇಳನ? 2023ರ ಜೂನಿನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆಯಿತು, ಸರಿ. ಆದರೆ ಕಳೆದುಹೋದ ಒಂದು ದಿನದ ಕೂಲಿ ಕಂಡಕ್ಟರು ಕೊಡ್ತಾನಾ? ಅವರ ಮಾತಿಗೆ ಬೆಳಿಗ್ಗೆಯೇ ಎರಡು ಗಂಟೆ ತೆಗೆದಿಡಿ. ಪ್ರೊಫೆಸರುಗಳು ಕೂತು ಕೇಳಲಿ.

ಕಡೇ ಮಾತು. ಆ ಆವರಣದಲ್ಲಿ ಬೆಳಕು ಹರಿಯೋಕೆ ಮುಂಚೆ ಕಸ ಗುಡಿಸೋರು, ಪಾಯಿಖಾನೆ ತೊಳೆಯೋರು ಯಾರು? ಬಹಳ ಕಡೆ ನಮ್ಮ ತಾಯಂದಿರೇ, ಗುತ್ತಿಗೆ ಕೂಲಿ ಮೇಲೆ. ಮೊದಲ ಆಹ್ವಾನ ಪತ್ರಿಕೆ ಅವರಿಗೆ ಹೋಗಲಿ, ಮುಂದಿನ ಸಾಲಿನ ಕುರ್ಚಿ ಅವರಿಗಿರಲಿ. ಸಂಜೆ ಸಭಾಂಗಣ ಗುಡಿಸೋ ಕೆಲಸ ನಮ್ಮದು. ಪದಾಧಿಕಾರಿಗಳೂ ಪೊರಕೆ ಹಿಡೀಬೇಕು. ನಾವು ಎಬ್ಬಿಸಿದ ಕಸ ಮಾರನೇ ಬೆಳಿಗ್ಗೆ ಆ ತಾಯಿ ಎತ್ತುವಂತಾದರೆ, ಒಳಗೆ ನಾವು ಆಡಿದ ಸಮಾನತೆಯ ಮಾತಿಗೆ ಬೆಲೆ ಏನು?

ರಸೀದಿ ಇಲ್ಲದೆ ಒಂದು ರೂಪಾಯಿಯೂ ಎತ್ತಬೇಡಿ. ಲೆಕ್ಕ ಬರುವ ಸಂಚಿಕೆಯಲ್ಲಿ ಅಚ್ಚಾಗಲಿ. ಈಗ ಎದ್ದು ಹೋಗೋ ಮುಂಚೆ ನೀರು, ಗೇಟು, ಅಡಿಗೆ, ಬಸ್ಸು, ದಾಖಲೆ, ಹಾಸ್ಟೆಲು, ಪೊರಕೆ, ಒಂದೊಂದಕ್ಕೂ ಒಬ್ಬೊಬ್ಬರು ಹೆಸರು ಬರೆಸಿ.

ಜೈ ಭೀಮ್.