ಕಡ್ಡಿ ಬಿರಿದರೆ ಹೇಳುವವರು ಯಾರು?



ಕೀನ್ಯಾ ಮೊದಲ ಅಣು ವಿದ್ಯುತ್ ಸ್ಥಾವರದ ಯೋಜನೆಯಲ್ಲಿದೆ; ಕಿಲಿಫಿಯ ಉಯೊಂಬೊ ಜನರ ವಿರೋಧ ನಿಮಗೆ ಗೊತ್ತೇ ಇದೆ. ಒಳಗೇನಾದರೂ ಒಡೆದರೆ ತಿಳಿಯುವುದು ಹೇಗೆ? ನಮ್ಮ ಕೈಗಾವನ್ನೇ ನೋಡೋಣ.

ಅಲ್ಲಿನ ಪ್ರತಿ 220 ಮೆಗಾವ್ಯಾಟ್ ರಿಯಾಕ್ಟರಿನಲ್ಲಿ 306 ಕೊಳವೆಗಳು, ಒಂದೊಂದರಲ್ಲೂ 12 ಇಂಧನ ಕಟ್ಟುಗಳು, ಕಟ್ಟಿಗೆ 19 ಕಡ್ಡಿಗಳು. ಒಟ್ಟು ಎಪ್ಪತ್ತು ಸಾವಿರದ ಹತ್ತಿರ! ಒಂದು ಕಡ್ಡಿಯ ಜಿರ್ಕೋನಿಯಂ ಕವಚ ಕೂದಲೆಳೆಯಷ್ಟು ಬಿರಿದರೂ ಅದನ್ನು ತಂಪು ಮಾಡುವ ಭಾರಜಲದಲ್ಲಿ ಅಯೋಡಿನ್-131 ಏರತೊಡಗುತ್ತದೆ. ಕಣ್ಣಿಗೆ ಕಾಣದ್ದನ್ನು ನೀರಿನ ಪರೀಕ್ಷೆ ಹೇಳುತ್ತದೆ. ಕೈಗಾದಂಥ ರಿಯಾಕ್ಟರುಗಳಲ್ಲಿ ವಿದ್ಯುತ್ ಉತ್ಪಾದನೆ ನಡೆಯುತ್ತಿರುವಾಗಲೇ ಆ ಕಟ್ಟನ್ನು ಯಂತ್ರದಿಂದ ಹೊರತೆಗೆಯಬಹುದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾದಾ ನೀರಿನ ರಿಯಾಕ್ಟರುಗಳಲ್ಲಿ ಇದಕ್ಕೆ ಸ್ಥಾವರವನ್ನೇ ನಿಲ್ಲಿಸಬೇಕು, ಅಂದರೆ ನಷ್ಟ. ಮುಂದೂಡುವ ಆಸೆ ಹುಟ್ಟುವುದೇ ಇಲ್ಲಿ.

ಆದ್ದರಿಂದ ನಿಲ್ಲಿಸಿ ಎನ್ನುವವರು ನಡೆಸುವವರ ಕೈಕೆಳಗೆ ಇರಬಾರದು. ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿತು. ಅದಕ್ಕೆ ಸ್ವಾಯತ್ತತೆ ಸಾಲದೆಂದು 2012ರಲ್ಲಿ ಸಿಎಜಿ ವರದಿಯೇ ಎತ್ತಿ ತೋರಿಸಿತು. ಕೀನ್ಯಾ ಜಾಣತನ ತೋರಿದೆ: ಸ್ಥಾವರಕ್ಕೆ ಮೊದಲೇ, 2019ರ ಕಾಯ್ದೆಯಿಂದ ನಿಯಂತ್ರಣ ಪ್ರಾಧಿಕಾರ ಬಂದಿದೆ.

ಸಾರ್ವಜನಿಕ ಸಭೆ ನಡೆದಾಗ ಹೋಗಿ. ಅಯೋಡಿನ್ ಮಿತಿ ಎಷ್ಟು, ಅದು ದಾಟಿದ ದಿನ ನಿಲ್ಲಿಸುವ ಸಹಿ ಯಾರದು ಎಂದು ಕೇಳಿ.