ಪ್ರಿಂಟರ್ ಕೊಳ್ಳೋ ಮುಂಚೆ ಪಹಣಿ ಹಿಡ್ಕೊಂಡು ಹೋಗಿ

ಇವತ್ತಿನ ವಿಷಯ ಪ್ರಿಂಟರ್. ಸ್ಕಿಪ್ ಮಾಡ್ಬೇಡಿ, ಇದ್ರಲ್ಲಿ ನನ್ನ ತಪ್ಪೂ ಒಂದಿದೆ.

ಸಂತೆಮರಹಳ್ಳಿಯಲ್ಲಿ ನಮ್ಮಕ್ಕ ಜೆರಾಕ್ಸ್ ಅಂಗಡಿ ಇಟ್ಟಾಗ, "ನೀನು ಬಿಕಾಂ ಓದಿದ್ದೀಯ, ಯಾವ ಪ್ರಿಂಟರ್ ತಗೊಳ್ಲಿ ಹೇಳು" ಅಂದ್ಲು. ಪೆಟ್ಟಿಗೆ ನೋಡ್ದೆ. ಒಂದು ಲೇಸರ್, ನಿಮಿಷಕ್ಕೆ 20 ಪುಟ. ಇನ್ನೊಂದು ಇಂಕ್‌ಜೆಟ್, 30 ಪುಟ. ಮೂವತ್ತರದ್ದೇ ತಗೋ ಅಂದೆ. ಆ 30 ಡ್ರಾಫ್ಟ್ ಮೋಡ್‌ನ ಲೆಕ್ಕ ಅಂತ ಗಮನಿಸ್ಲೇ ಇಲ್ಲ. ನಾರ್ಮಲ್‌ನಲ್ಲಿ ನಿಧಾನ. ಹಾಗಾಗಿ ಯಾವಾಗ್ಲೂ ಡ್ರಾಫ್ಟಲ್ಲೇ ಇಟ್ವಿ.

ಒಂದಿನ ಒಬ್ಬರು ರೈತರು ಬಂದು, "ಬಿರ್ರನೆ ಕೊಡವ್ವ, ಬಸ್ ಬಂದ್ಬುಡ್ತದೆ" ಅಂತ ಪಹಣಿ ತಗೊಂಡೋದ್ರು. ಮಾರನೇ ದಿನ ವಾಪಸ್ ಬಂದ್ರು. ಅಕ್ಷರ ಕಾಣ್ತಿಲ್ಲ ಅಂತ ಕಚೇರಿಯಲ್ಲಿ ಹಿಂದಕ್ಕೆ ಕೊಟ್ಟಿದ್ರಂತೆ. ನೋಡಿದ್ರೆ ಒತ್ತಕ್ಷರಗಳೇ ಮಾಸಿಹೋಗಿವೆ. ಹೊಸ ಪ್ರಿಂಟ್ ಸುಮ್ನೆ ಕೊಟ್ವಿ. ಅವರ ಒಂದು ದಿನದ ಕೂಲಿ ಯಾರು ಕೊಡ್ತಾರೆ?

ಆಮೇಲೆ ಕೂತು ಲೆಕ್ಕ ಹಾಕ್ದೆ. ನಿಮಿಷಕ್ಕೆ 30 ಅಂದ್ರೆ ಪುಟಕ್ಕೆ 2 ಸೆಕೆಂಡ್. 20 ಅಂದ್ರೆ 3. ವ್ಯತ್ಯಾಸ ಒಂದೇ ಸೆಕೆಂಡ್! ನಮ್ಮಲ್ಲಿ ಬರೋರು ಒಂದೆರಡು ಪುಟದವರು. ಅವರು ಕಾಯೋದು ಮೊದಲನೇ ಪುಟಕ್ಕೆ. ಮಲಗಿರೋ ಲೇಸರ್ ಪ್ರಿಂಟರ್ ಎದ್ದು, ಟೋನರ್ ಕರಗಿಸೋ ರೋಲರ್ ಕಾಯೋದಕ್ಕೆ ಹಿಡಿಯೋ ಟೈಮ್ ಅದು. ನೂರಾರು ಪ್ರಶ್ನೆಪತ್ರಿಕೆ ತೆಗೆಯೋರಿಗೆ ಮಾತ್ರ ನಿಮಿಷದ ಲೆಕ್ಕ ಮುಖ್ಯ.

ವೇಗ ಹೊಸದೇನಲ್ಲ. 1977ರ ಜೆರಾಕ್ಸ್ 9700 ಮೆಷಿನ್ ನಿಮಿಷಕ್ಕೆ 120 ಪುಟ ಹೊಡೀತಿತ್ತು, 300 ಡಿಪಿಐನಲ್ಲಿ. ಅಂದ್ರೆ ಒಂದು ಇಂಚಿಗೆ 300 ಚುಕ್ಕಿ. ಇವತ್ತು ಸಾಧಾರಣ ಲೇಸರ್ ಕೂಡ 600 ಕೊಡುತ್ತೆ. ಪಹಣಿಯಂಥ ಸಣ್ಣ ಕನ್ನಡ ಅಕ್ಷರಕ್ಕೆ ಅದು ಬೇಕು.

ಕೊಳ್ಳೋ ಮುಂಚೆ ಹೀಗೆ ಮಾಡಿ:

ಪೆಟ್ಟಿಗೆ ಮೇಲೆ ಐಎಸ್‌ಒ ಅಂತ ಕೊಟ್ಟಿರೋ ವೇಗ ನೋಡಿ. ಅದು ಡ್ರಾಫ್ಟ್ ಅಲ್ಲ, ಮಾಮೂಲಿ ಸೆಟ್ಟಿಂಗ್‌ನದ್ದು.

ಪೆನ್‌ಡ್ರೈವ್‌ನಲ್ಲಿ ಒಂದು ಪಹಣಿ, ಒಂದು ಕ್ಯೂಆರ್ ಕೋಡ್ ಇರೋ ಪುಟ ಒಯ್ಯಿರಿ. ಪ್ರಿಂಟರ್ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ, ನಾರ್ಮಲ್ ಮೋಡಲ್ಲಿ ಪ್ರಿಂಟ್ ಕೊಡಿ. ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿ.

ಪುಟ ಬಂದ್ಮೇಲೆ "ರಾಷ್ಟ್ರ"ದ ಒತ್ತು ಓದಿ. ಕ್ಯೂಆರ್ ಸ್ಕ್ಯಾನ್ ಮಾಡಿ.

ಎರಡೂ ಪಾಸಾದ್ರೆ, ಅದ್ರಲ್ಲಿ ಬೇಗ ಬರೋದನ್ನ ತಗೊಳ್ಳಿ. ಮೊದ್ಲು ಓದೋಕೆ ಆಗ್ಬೇಕು, ವೇಗ ಆಮೇಲೆ.

ಅಕ್ಕ ಈಗ ಡ್ರಾಫ್ಟ್ ಆಫ್ ಮಾಡಿದ್ದಾಳೆ. ಬಸ್ ಅವಸರ ಅಂದ್ರೆ, "ಒಂದು ನಿಮಿಷ ಕೂತ್ಕೊಳ್ಳಣ್ಣ" ಅಂತಾಳೆ. ಸಿಗೋಣ.