ಪಟಮಟದಲ್ಲಿ ಬೆಳಗ್ಗೆ ಐದೂವರೆ: ಕಾಫಿ, ಕಾಲ್ ಮತ್ತು ಹೊಸ ದಿನಚರಿ

ಇವತ್ತಿನ ಮಾತು ಕಾಫಿಯದ್ದು. ಯಾವ ಪುಡಿ ಒಳ್ಳೇದು, ಪೀಬೆರಿನಾ ಪ್ಲಾಂಟೇಶನ್ ಎ-ನಾ, ಆ ಜಗಳಕ್ಕೆ ನಾನು ಇಳಿಯಲ್ಲ. ಅದು ನಮ್ಮ ಮನೆಯಲ್ಲೇ ಎರಡು ತಲೆಮಾರಿಂದ ನಡೀತಾ ಇದೆ. ನಾನು ಹೇಳಬೇಕು ಅಂದುಕೊಂಡಿರೋದು ಕಾಫಿ ಕುಡಿಯೋ ಹೊತ್ತಿನ ಬಗ್ಗೆ. ಊರು ಬದಲಾಯಿಸುವಾಗ ಪಾತ್ರೆ, ಫಿಲ್ಟರ್, ಲ್ಯಾಪ್‌ಟಾಪ್ ಎಲ್ಲ ಪ್ಯಾಕ್ ಮಾಡ್ತೀವಿ. ಜೊತೆಗೆ ಹಳೇ ಊರಿನ ಗಡಿಯಾರಾನೂ ಹೊತ್ಕೊಂಡು ಹೋಗ್ತೀವಿ. ಹೊಸ ಊರು ಅದನ್ನ ಒಪ್ಪುತ್ತಾ ಅಂತ ಯಾರೂ ಕೇಳಲ್ಲ.

ನಾನೀಗ ಇರೋದು ವಿಜಯವಾಡದ ಪಟಮಟದಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಊರಿನ ಪೂರ್ವ ಭಾಗ, ಬೆಂಜ್ ಸರ್ಕಲ್ ಹತ್ತಿರ. ಒಂದು ಕಡೆ ಬಂದರು ರಸ್ತೆ, ಅಂದ್ರೆ ಮಚಲೀಪಟ್ನಂಗೆ ಹೋಗೋ ದಾರಿ, ಇನ್ನೊಂದು ಕಡೆ ಚೆನ್ನೈ–ಕೋಲ್ಕತ್ತಾ ಹೆದ್ದಾರಿ. ಪಕ್ಕದಲ್ಲೇ ಆಟೋನಗರ, ಲಾರಿ ರಿಪೇರಿ, ಬಾಡಿ ಕಟ್ಟೋ ಶೆಡ್ಡುಗಳ ಲೋಕ. ನನ್ನ ಹೆಂಡತಿಗೆ ಇಲ್ಲೊಂದು ಇಂಟರ್ ಕಾಲೇಜಿನಲ್ಲಿ ಪಾಠ ಮಾಡೋ ಕೆಲಸ ಸಿಕ್ತು. ನನ್ನದು ಮನೆಯಿಂದಲೇ ಕೆಲಸ, ಬೆಂಗಳೂರಲ್ಲೇ ಕೂರಬೇಕು ಅಂತೇನಿಲ್ಲ. ಹನ್ನೊಂದು ವರ್ಷದ ಬೆಂಗಳೂರು ಬಿಟ್ಟು ಬಂದ್ವಿ.

ಬೋರ್ಡ್ ಓದೋಕೆ ಮೊದಲ ದಿನದಿಂದ ತೊಂದರೆ ಆಗಲಿಲ್ಲ. ತೆಲುಗು ಅಕ್ಷರ, ನಮ್ಮ ಅಕ್ಷರ ಅಕ್ಕ-ತಂಗಿ. ‘ಪಟಮಟ’ ಅನ್ನೋ ನಾಲ್ಕು ಅಕ್ಷರಾನ ಯಾವ ಕನ್ನಡಿಗನೂ ತೆಲುಗಿನಲ್ಲಿ ಬಸ್ಸಿನ ಕಿಟಕಿಯಿಂದಲೇ ಓದಬಹುದು. ಮಾತೂ ಅಷ್ಟೇ: ಅವರ ‘ಪ’ ಇರೋ ಕಡೆ ನಮ್ಮ ‘ಹ’ ಹಾಕಿ ನೋಡಿ, ಎಷ್ಟೋ ಪದ ಮನೆಗೆ ಬರುತ್ತೆ. ಪಾಲು ಹಾಲು, ಪುವ್ವು ಹೂವು. ಬೆಳಗ್ಗೆ ಅನ್ನೋದಕ್ಕೆ ಅವರು ಪೊದ್ದುನ್ನೆ ಅಂತಾರೆ. ಆ ಪೊದ್ದು ನಮ್ಮ ಹೊತ್ತೇ, ‘ಹೊತ್ತು ಮೂಡ್ತು’ ಅಂತ ನಮ್ಮ ಅಜ್ಜಿಯರು ಹೇಳ್ತಿದ್ದ ಹೊತ್ತು. ಪದ ಒಂದೇ. ಆದರೆ ಆ ಹೊತ್ತು ಇಲ್ಲಿ ಮೂಡೋದೇ ಬೇರೆ ಹೊತ್ತಿಗೆ.

ಇದು ಲೆಕ್ಕದ ಮಾತು. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ. ಅದರ ರೇಖೆ 82.5 ಡಿಗ್ರಿ ಪೂರ್ವ ರೇಖಾಂಶ, ಕಾಕಿನಾಡದ ಹತ್ತಿರ ಹಾದು ಹೋಗುತ್ತೆ. ವಿಜಯವಾಡ ಅದಕ್ಕೆ ಸಮೀಪ. ಬೆಂಗಳೂರು ಇಲ್ಲಿಂದ ಮೂರು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಅಲ್ಲಿಗೆ ಹನ್ನೆರಡು ನಿಮಿಷ ಆಯ್ತು. ಬೇಸಿಗೆಯಲ್ಲಿ ಉತ್ತರಕ್ಕಿರೋ ಊರಿಗೆ ಇನ್ನೂ ಸ್ವಲ್ಪ ಬೇಗ ಬೆಳಕು. ಮೇ ಕೊನೆಯಲ್ಲಿ ಇಲ್ಲಿ 5.35ರ ಹೊತ್ತಿಗೆ ಸೂರ್ಯ ಬಂದಾಗಿರುತ್ತೆ, ಬೆಂಗಳೂರಲ್ಲಿ 5.50 ದಾಟಬೇಕು. ಇಪ್ಪತ್ತು ನಿಮಿಷದೊಳಗಿನ ವ್ಯತ್ಯಾಸ, ಅದೇನು ಮಹಾ ಅನ್ನಿಸಬಹುದು. ಮಹಾ ಆಗೋದು ಬಿಸಿಲಿನಿಂದ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ವಿಜಯವಾಡ ಕೃಷ್ಣಾ ದಂಡೆಯ ತಗ್ಗು. ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಊರಿಗೆ ಬ್ಲೇಜ್‌ವಾಡ ಅಂತ ಅಡ್ಡಹೆಸರೇ ಇದೆ. ಒಂಬತ್ತು ಗಂಟೆಗೆ ಬಾಲ್ಕನಿಯ ಕಬ್ಬಿಣದ ಕಂಬಿ ಮುಟ್ಟೋಕಾಗಲ್ಲ.

ಹಾಗಾಗಿ ಈ ಊರು ತನ್ನ ದಿನಾನ ಮುಂಚೆಯೇ ಮುಗಿಸಿಕೊಳ್ಳುತ್ತೆ. ಐದೂವರೆಗೆ ಹಾಲಿನ ಬೂತಿನಲ್ಲಿ ಜನ. ಆರು ಗಂಟೆ ಸುಮಾರಿಗೆ ರೈತು ಬಜಾರ್ ಕಡೆ ಚೀಲ ಹಿಡಿದು ಹೊರಟಿರ್ತಾರೆ. ಈ ರೈತು ಬಜಾರ್‌ಗಳು 1999ರಲ್ಲಿ ಆಗಿನ ಆಂಧ್ರ ಸರ್ಕಾರ ಶುರು ಮಾಡಿದ್ದು, ರೈತರೇ ತಂದು ಮಾರಬೇಕು, ದಿನದ ದರ ಬೋರ್ಡಿನ ಮೇಲೆ ಬರೀಬೇಕು ಅಂತ. ಪಟಮಟದಲ್ಲೂ ಒಂದಿದೆ. ಎಂಟೂವರೆಗೆ ಹೋದರೆ ಗೋಂಗೂರ ಬಾಡಿರುತ್ತೆ, ನೀವೂ ಬಾಡಿರ್ತೀರಿ. ಟಿಫಿನ್ ಗಾಡಿಗಳಲ್ಲಿ ಪೆಸರಟ್ಟಿನ ಹಿಟ್ಟು ಖಾಲಿ. ಒಂಬತ್ತು ಗಂಟೆಗೆ ಎದ್ದವನಿಗೆ ಇಲ್ಲಿ ಉಳಿಯೋದು ಎಸಿ ಕೋಣೆ ಮತ್ತು ಫೋನಿನ ಆಪ್ ಮಾತ್ರ.

ನನ್ನ ಮೊದಲ ತಿಂಗಳುಗಳು ಹಾಗೇ ಹೋದವು. ನಮ್ಮ ಟೀಮಿನ ಅರ್ಧ ಕ್ಯಾಲಿಫೋರ್ನಿಯಾದಲ್ಲಿ. ಅವರ ಬೆಳಗ್ಗೆ ಒಂಬತ್ತು ಅಂದ್ರೆ ನಮಗೆ ರಾತ್ರಿ ಒಂಬತ್ತೂವರೆ. ಕಾಲ್ ಮೇಲೆ ಕಾಲ್ ಬಿದ್ದು ಹನ್ನೆರಡೂವರೆ. ಮಲಗೋದು ಎರಡು ಗಂಟೆಗೆ. ಹೆಂಡತಿಗೆ ಏಳು ಗಂಟೆಗೆ ಕಾಲೇಜು ಬಸ್ಸು. ವಿಜಯವಾಡ ಇಂಟರ್ ಕಾಲೇಜುಗಳ, ಎಂಟ್ರೆನ್ಸ್ ಕೋಚಿಂಗ್‌ನ ಊರು, ಇಲ್ಲಿ ಪಾಠ ಕೋಳಿ ಕೂಗಿದ ಹಾಗೆ ಶುರುವಾಗುತ್ತೆ. ಅವಳು ಎದ್ದಾಗ ನಾನು ಗಾಢ ನಿದ್ದೆಯಲ್ಲಿ. ನಾನು ಬಿಡುವಾದಾಗ ಅವಳು ನಿದ್ದೆಯಲ್ಲಿ. ಒಂದೇ ಮನೆ, ಎರಡು ಶಿಫ್ಟ್. ಡಿಕಾಕ್ಷನ್ ಹಾಕಿಟ್ಟು ಹೋಗೋಳು, ನಾನು ಹತ್ತು ಗಂಟೆಗೆ ಅದನ್ನ ಬಿಸಿ ಮಾಡ್ಕೊಂಡು ಕುಡಿಯೋನು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅವಳು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ಲು: ‘ಭಾನುವಾರ ಮಾತಾಡೋಣ.’ ಜಗಳ ಏನೂ ಇರಲಿಲ್ಲ. ನೀರಿನ ಕ್ಯಾನ್‌ನವನಿಗೆ ದುಡ್ಡು ಕೊಡೋ ವಿಷಯ. ಅದಕ್ಕೂ ನಮಗೆ ಭಾನುವಾರ ಬೇಕಾಗಿತ್ತು.

ಈ ಥರ ಇರೋರು ನಿಮ್ಮಲ್ಲಿ ತುಂಬ ಜನ ಇದ್ದೀರಿ ಅಂತ ಗೊತ್ತು. ಹೈದರಾಬಾದ್, ಪುಣೆ, ಚೆನ್ನೈ, ಎಲ್ಲ ಕಡೆ. ‘ಬೇಗ ಏಳಿ, ಜೀವನ ಬದಲಾಗುತ್ತೆ’ ಅನ್ನೋ ವಿಡಿಯೋಗಳನ್ನ ನೋಡಿ ನೋಡಿ ಸಾಕಾಗಿರುತ್ತೆ. ಅವು ಅಲಾರಂ ಬಗ್ಗೆ ಮಾತಾಡ್ತವೆ. ನನ್ನ ಅನುಭವದಲ್ಲಿ ಅಲಾರಂ ಕೊನೆಯ ಕೆಲಸ. ಮೊದಲು ಸರಿಹೋಗಬೇಕಾದ್ದು ಹಿಂದಿನ ರಾತ್ರಿಯ ಕ್ಯಾಲೆಂಡರ್.

ಅದಕ್ಕೆ ನಾನು ಮ್ಯಾನೇಜರ್ ಹತ್ರ ಹೋಗಿ ಒಂದು ಲೆಕ್ಕ ಇಟ್ಟೆ. ಬೆಳಗ್ಗೆ ಆರು ಗಂಟೆ ನಮಗೆ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಸಂಜೆ ಐದೂವರೆ. ಅವರು ಇನ್ನೂ ಆಫೀಸಿನಲ್ಲೇ ಇರ್ತಾರೆ. ದಿನದ ಕೊನೆಗೆ ಅವರು ಏನು ಮಾಡಿದ್ರು ಅಂತ ಕೇಳಿಸ್ಕೊಂಡು ನಾನು ಕೆಲಸ ಶುರು ಮಾಡಬಹುದು. ರಾತ್ರಿ ಕೇಳಿಸ್ಕೊಂಡು ಮಲಗೋದಕ್ಕಿಂತ ಅದು ಕೆಲಸಕ್ಕೂ ಒಳ್ಳೇದು. ಚಳಿಗಾಲದಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಗ ನಮ್ಮ ಆರು ಅವರ ನಾಲ್ಕೂವರೆ. ಇನ್ನೂ ಅನುಕೂಲ. ಎರಡು ವಾರ ಟ್ರಯಲ್ ಅಂತ ಕೇಳಿದೆ, ಸಿಕ್ತು. ಆಮೇಲೆ ಯಾರೂ ಹಳೇದಕ್ಕೆ ವಾಪಸ್ ಹೋಗೋಣ ಅನ್ನಲಿಲ್ಲ, ಏಕೆಂದ್ರೆ ಅವರಿಗೂ ಬೆಳಗ್ಗೆ ಎದ್ದ ತಕ್ಷಣ ನಮ್ಮ ಮುಖ ನೋಡೋದು ತಪ್ಪಿತ್ತು!

ಇದಕ್ಕೆ ಬೆಲೆ ಇದೆ. ನಮ್ಮ ಸೋಮವಾರ ಬೆಳಗ್ಗೆ ಅವರಿಗೆ ಭಾನುವಾರ, ಹಾಗಾಗಿ ಕಾಲ್ ಇಲ್ಲ. ಆದರೆ ಅವರ ಶುಕ್ರವಾರ ಸಂಜೆ ನಮ್ಮ ಶನಿವಾರ ಬೆಳಗ್ಗೆ. ವಾರಕ್ಕೊಂದು ಶನಿವಾರ ಮುಂಜಾನೆ ಹೋಯ್ತು. ಸೆಕೆಂಡ್ ಶೋ ಸಿನಿಮಾನೂ ಹೋಯ್ತು, ವಿಜಯವಾಡದಂಥ ಸಿನಿಮಾ ಹುಚ್ಚಿನ ಊರಲ್ಲಿದ್ಕೊಂಡು ಅದು ಸಣ್ಣ ತ್ಯಾಗ ಅಲ್ಲ. ಇನ್ನು ನ್ಯೂಯಾರ್ಕ್ ಕಡೆ ಟೀಮ್ ಇರೋರಿಗೆ ಈ ಲೆಕ್ಕ ಹೊಂದಲ್ಲ, ನಮ್ಮ ಆರು ಗಂಟೆ ಅವರಿಗೆ ರಾತ್ರಿ ಎಂಟೂವರೆ. ಅಂಥವರು ವಾರದಲ್ಲಿ ಎರಡು ರಾತ್ರಿಗೆ ಕಾಲ್‌ಗಳನ್ನ ಒಟ್ಟು ಮಾಡಿ, ಉಳಿದ ಮೂರು ರಾತ್ರಿ ಬಿಡಿಸ್ಕೊಳ್ಳೋಕೆ ಕೇಳಿ ನೋಡಿ. ಪೂರ್ತಿ ರಾತ್ರಿ ಪಾಳಿ ಇರೋರಿಗೆ ನಾನು ಉಪದೇಶ ಮಾಡಲ್ಲ. ಅವರಿಗೆ ಬೇಕಾಗಿರೋದು ದಪ್ಪ ಪರದೆ ಮತ್ತು ಬೆಲ್ ಒತ್ತದ ಪಕ್ಕದ ಮನೆಯವರು.

ಈಗ ಐದೂವರೆಗೆ ನಾವಿಬ್ಬರೂ ಅಡುಗೆಮನೆಯಲ್ಲಿರ್ತೀವಿ. ಅರ್ಧ ಗಂಟೆ. ಕಾಲ್‌ಗೆ ಮುಂಚೆ, ಬಸ್ಸಿಗೆ ಮುಂಚೆ.

ಸರಿ, ಕಾಫಿಗೆ ಬರೋಣ. ಬೆಂಗಳೂರಿನ ಪುಡಿ, ಬೆಂಗಳೂರಿನ ಫಿಲ್ಟರ್, ಅದೇ ಕೈ. ಆದರೂ ಇಲ್ಲಿ ಕಾಫಿ ಬೇರೆ ಥರ ಬರ್ತಿತ್ತು. ಮೊದಲ ಕಾರಣ ಹಾಲು. ಇಲ್ಲಿ ಎಮ್ಮೆ ಹಾಲಿನ ಬಳಕೆ ಜಾಸ್ತಿ. ಮನೆಗೆ ಬರೋ ಫುಲ್ ಕ್ರೀಮ್ ಪ್ಯಾಕೆಟ್ಟಿನಲ್ಲಿ ಕೊಬ್ಬು 6 ಪರ್ಸೆಂಟ್. ನಾವು ಅಲ್ಲಿ ತರ್ತಿದ್ದ ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ 3. ಕೊಬ್ಬು ಹೆಚ್ಚಾದಷ್ಟೂ ಡಿಕಾಕ್ಷನ್ನಿನ ಕಹಿ, ಘಮ ಒಳಗೇ ಅಡಗುತ್ತೆ. ಬಣ್ಣಾನೂ ಬೆಳ್ಳಗೆ. ನಾವು ಡಿಕಾಕ್ಷನ್ ಜಾಸ್ತಿ ಹಾಕೋದು, ರಾತ್ರಿ ನಿದ್ದೆ ಕೆಡಿಸ್ಕೊಳ್ಳೋದು, ಇದೇ ಆಗಿತ್ತು. ಟೋನ್ಡ್ ಹಾಲಿಗೆ ಬದಲಾಯಿಸಿದ ಮೇಲೆ ಪುಡಿ ಒಂದು ಚಮಚ ಉಳೀತು.

ಎರಡನೇದು ನೀರು ಕುದಿಯೋ ಶಾಖ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ, ಇಲ್ಲಿ ಹತ್ತಿರ ಹತ್ತಿರ 100ಕ್ಕೆ. ಕುದಿಯೋದನ್ನ ಹಾಗೇ ಸುರಿದರೆ ಕಹಿ ಸ್ವಲ್ಪ ಹೆಚ್ಚಿಗೆ ಇಳಿಯುತ್ತೆ. ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಹಾಕಿ. ಬೋರ್‌ವೆಲ್ ನೀರು ಬಳಸಬೇಡಿ, ಗಡಸು ನೀರಿಗೆ ಕಾಫಿ ಮಂಕಾಗುತ್ತೆ. ಕುಡಿಯೋ ನೀರೇ ಬೇಕು.

ಆ ನೀರಿನ ಬಗ್ಗೆ ಒಂದು ಮಾತು ಹೇಳದೆ ಇರೋಕಾಗಲ್ಲ. ಈ ಊರಿನ ನಲ್ಲಿ ನೀರು ಕೃಷ್ಣೆಯದು. 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜ್ ಹತ್ತಿರ ನಿಂತ ನೀರು. ಆ ಕೃಷ್ಣೆಗೆ ಕರ್ನೂಲಿನ ಹತ್ತಿರ ತುಂಗಭದ್ರೆ ಸೇರ್ತಾಳೆ. ಭದ್ರೆ ಹುಟ್ಟೋದು, ಹರಿಯೋದು ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ. ಬಾಬಾಬುಡನ್‌ಗಿರಿಯ ಪೂರ್ವಕ್ಕೆ ಇಳಿಯೋ ನೀರು ವೇದಾವತಿಯಾಗಿ ನಮ್ಮ ಕಡೂರಿನ ಪಕ್ಕ ಹರಿದು, ಕೊನೆಗೆ ತುಂಗಭದ್ರೆಗೇ ಸೇರಬೇಕು. ಸೇರಬೇಕು ಅಂದೆ, ಮಧ್ಯೆ ಮಾರಿಕಣಿವೆ ಕೂತಿದೆ, ಅದು 1933 ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಾಗಾಗಿ ವೇದಾವತಿಯದು ಬಿಡಿ, ಭದ್ರೆಯ ಪಾಲಂತೂ ಇದೆ. ಪುಡಿ ಆ ಬೆಟ್ಟದ್ದು ಬಸ್ಸಿನಲ್ಲಿ ಬರುತ್ತೆ, ನೀರು ನದಿಯಲ್ಲಿ ಬರುತ್ತೆ, ಎರಡೂ ನನ್ನ ಫಿಲ್ಟರಿನಲ್ಲಿ ಸೇರ್ತವೆ. ಕೊಡಗಿನ ಪುಡಿ ಕುಡಿಯೋರಿಗೆ ಈ ಭಾಗ್ಯ ಇಲ್ಲ, ಅವರ ನೀರು ಕಾವೇರಿಗೆ ಹೋಗುತ್ತೆ!

ಆಂಧ್ರದಲ್ಲೂ ಕಾಫಿ ಬೆಳೀತಾರೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ವಿಶಾಖಪಟ್ಟಣದ ಮೇಲಿನ ಅರಕು ಕಣಿವೆಯಲ್ಲಿ ಆದಿವಾಸಿ ರೈತರು ಅರೇಬಿಕಾ ಬೆಳೀತಾರೆ, ಸಿಲ್ವರ್ ಓಕ್ ನೆರಳಲ್ಲಿ, ಮೆಣಸಿನ ಬಳ್ಳಿ ಹಬ್ಬಿಸಿ, ನಮ್ಮ ಮಲೆನಾಡಿನ ಥರಾನೇ. 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು ಅರೇಬಿಕಾಗಳ ಜೊತೆಗೇ ಅರಕುಗೂ ಜಿಐ ಮಾನ್ಯತೆ ಸಿಕ್ತು. ಚಿಕೋರಿ ಇಲ್ಲದೆ ಸಿಗೋ ಅರಕು ಪುಡಿಯಲ್ಲಿ ಡಿಕಾಕ್ಷನ್ ತೆಳು ಬರುತ್ತೆ. ಕಡಿಮೆ ಹಾಲಲ್ಲಿ ಕುಡಿದರೆ ಚೆನ್ನ. ನಮ್ಮ ಮನೆಯಲ್ಲಿ ಭಾನುವಾರ ಅರಕು, ಉಳಿದ ದಿನ ಊರಿಂದು. ಇನ್ನೊಂದು ವಿಚಿತ್ರ ನೋಡಿ: ನದಿ ದಾಟಿ ಗುಂಟೂರು ಕಡೆ ಹೋದರೆ ದುಗ್ಗಿರಾಲದಲ್ಲಿ ಸಿಸಿಎಲ್‌ನ ದೊಡ್ಡ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಇದೆ. ಅದರ ಮಾಲು ಪ್ರಪಂಚದ ಎಷ್ಟೋ ದೇಶಕ್ಕೆ ಹೋಗುತ್ತೆ. ಆದರೆ ಪಟಮಟದ ಬೀದಿ ಮೂಲೆಯಲ್ಲಿ ನಿಮಗೆ ಮೊದಲು ಸಿಗೋದು ಟೀ. ಸಿಹಿ ಜೋರು. ‘ಪಂಚದಾರ ತಕ್ಕುವ’, ಸಕ್ಕರೆ ಕಡಿಮೆ ಅಂತ ಮೊದಲೇ ಹೇಳಿ, ಬೇಗ ಕಲಿಯಬೇಕಾದ ವಾಕ್ಯ.

ದಿನಚರಿ ನಿಲ್ಲೋದಕ್ಕೆ ನನಗೆ ಅತಿ ಕಷ್ಟವಾದದ್ದು ಬೆಳಗಿನ ಕಾಫಿ ಅಲ್ಲ, ಸಂಜೆಯದು. ಕೆಫೀನ್ ಅರ್ಧ ಇಳಿಯೋದಕ್ಕೆ ಹೆಚ್ಚುಕಡಿಮೆ ಐದು ಗಂಟೆ ತಗೊಳ್ಳುತ್ತೆ, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಐದಕ್ಕೆ ಕುಡಿದ ಕಾಫಿ ರಾತ್ರಿ ಹತ್ತಕ್ಕೆ ಇನ್ನೂ ಅರ್ಧ ಲೋಟ ಒಳಗಿದ್ದ ಹಾಗೆ. ಐದು ಗಂಟೆಗೆ ಏಳೋನು ಹತ್ತಕ್ಕೆ ಮಲಗಬೇಕು. ಬೆಂಗಳೂರಲ್ಲಿ ಸಂಜೆ ಕಾಫಿ ಅಂದ್ರೆ ಹರಟೆ, ಅದನ್ನ ಬಿಡು ಅಂದ್ರೆ ಹರಟೆ ಬಿಡು ಅಂದ ಹಾಗೆ. ನಾನು ಹೊತ್ತು ಹಿಂದಕ್ಕೆ ತಳ್ಳಿದೆ: ಎರಡನೇ ಕಾಫಿ ಮಧ್ಯಾಹ್ನ ಎರಡಕ್ಕೆ, ಅದೇ ಕೊನೆ. ಸಂಜೆಗೆ ಮಜ್ಜಿಗೆ. ಹರಟೆಗೆ ಮಜ್ಜಿಗೆಯೂ ನಡೆಯುತ್ತೆ, ಅದಕ್ಕೂ ಮೂರು ವಾರ ಹಿಡೀತು.

ಕಾಲ್ ಇಲ್ಲದ ಸೋಮವಾರ ನಾನು ರೈತು ಬಜಾರ್‌ಗೆ ಹೋಗ್ತೀನಿ. ಸೊಪ್ಪು ಮಾರೋ ಒಬ್ಬಾಕೆ ನನ್ನ ತೆಲುಗು ತಿದ್ದೋದನ್ನ ಕೆಲಸ ಅಂತಲೇ ಇಟ್ಕೊಂಡಿದ್ದಾಳೆ. ನಾನು ‘ಹ’ ಅಂದ ಕಡೆಯೆಲ್ಲ ‘ಪ’ ಅನ್ನಿಸ್ತಾಳೆ, ಅನ್ನೋವರೆಗೂ ಕೊತ್ತಂಬರಿ ಕೊಡಲ್ಲ.

ಹೊಸದಾಗಿ ಈ ಕಡೆ ಬರೋರಿಗೆ ಒಂದು ಸಣ್ಣ ವಿಷಯ. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್ ನಿಮ್ಮ ಜೊತೆಗೇ ತನ್ನಿ, ಒಂದು ಲೋಟದ್ದು ಬೇಡ, ನಾಲ್ಕು ಲೋಟದ್ದು ತನ್ನಿ. ಪುಡಿ ಒಂದು ಸಲಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ತರಬೇಡಿ, ಈ ಸೆಕೆಗೆ, ತೇವಕ್ಕೆ ಎರಡೇ ವಾರದಲ್ಲಿ ಘಮ ಹೋಗುತ್ತೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಬೆಂಗಳೂರಿಂದ ಕೊಂಡವೀಡು ಎಕ್ಸ್‌ಪ್ರೆಸ್, ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಬರುತ್ತೆ. ಯಾರಾದ್ರೂ ಬರೋರಿದ್ದರೆ ತರಿಸ್ಕೊಳ್ಳಿ. ನಮ್ಮ ಡಬ್ಬಿ ಗುರುವಾರಕ್ಕೆ ಖಾಲಿಯಾಗುತ್ತೆ, ಭಾವ ಶುಕ್ರವಾರ ಬರ್ತಾ ಇದ್ದಾರೆ.